ಕೈಗವಸು ವಿಭಾಗದ ಎಂಜಿನಿಯರು

ನಾಲ್ಕು ಮಹಡಿ, ಹದಿನಾರು ಮನೆ, ಒಂದು ಲಿಫ್ಟು ಇದ್ದ ಆ ಕಟ್ಟಡದಲ್ಲಿ ಪವರ್ ಸಾಹೇಬರೆಂದರೆ ಎಲ್ಲರಿಗೂ ಗೌರವ. ಅವರು ಊರಾಚೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರಾಗಿದ್ದದ್ದೇ ಆ ಗೌರವಕ್ಕೆ ಕಾರಣ. ಈ ಮಾತಿನಲ್ಲಿ ತಪ್ಪು ಒಂದೇ ಒಂದು. ಅವರು ಎಂಜಿನಿಯರಾಗಿರಲಿಲ್ಲ. ಸ್ಥಾವರದ ಉಗ್ರಾಣದಲ್ಲಿ ಒಂದು ಸಣ್ಣ ಕಿಟಕಿಯ ಹಿಂದೆ ಕೂತು ಕೆಲಸಗಾರರಿಗೆ ಕೈಗವಸು, ಬೂಟು, ಹೆಲ್ಮೆಟ್ಟು, ಮೂಗಿಗೆ ಕಟ್ಟುವ ಮಾಸ್ಕು ಕೊಡುವುದು ಅವರ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಕೊಡುತ್ತಲೇ ಇದ್ದರು.

ಹಾಗಂತ ಅವರು ಸುಳ್ಳು ಹೇಳಿದವರಲ್ಲ. ಏಳು ವರ್ಷದ ಹಿಂದೆ ಆ ಮನೆಗೆ ಸಾಮಾನು ಸಾಗಿಸಿದ ದಿನ ಕರೆಂಟು ಹೋಗಿತ್ತು. ಮಂಚ ಹೊತ್ತು ಮೆಟ್ಟಿಲು ಹತ್ತುವಾಗ ಅದರ ಕಾಲು ಗೋಡೆಯ ಮೀಟರ್ ಪೆಟ್ಟಿಗೆಗೆ ತಗುಲಿತು. ಅದೇ ಗಳಿಗೆಗೆ ದೀಪ ಹತ್ತಿತು. ಕೆಳಗಿನ ಮನೆಯ ನಿವೃತ್ತ ಬಸ್ ಡಿಪೋ ಮ್ಯಾನೇಜರು ಇಣುಕಿ, "ಎಲ್ಲಿ ಕೆಲಸ ನಿಮ್ದು?" ಎಂದರು. "ಪವರ್ ಪ್ಲಾಂಟಲ್ಲಿ," ಎಂದರು ಇವರು. "ಓ," ಎಂದರು ಅವರು. ಆ "ಓ" ಕೇಳಲು ಎಷ್ಟು ಹಿತವಾಗಿತ್ತೆಂದರೆ, ಉಗ್ರಾಣದ ವಿಷಯ ನಾಳೆ ಹೇಳಿದರಾಯಿತು ಎಂದು ಬಿಟ್ಟರು. ನಾಳೆ ಎನ್ನುವುದು ಏಳು ವರ್ಷವಾದರೂ ಬರಲಿಲ್ಲ.

ಬರುವ ಬದಲು ಒಂದು ಹೆಲ್ಮೆಟ್ಟು ಬಂತು. ಸ್ಥಾವರದಲ್ಲಿ ಕೆಲಸಗಾರರಿಗೆ ಹಳದಿ, ಎಂಜಿನಿಯರುಗಳಿಗೆ ಬಿಳಿ. ಬಿರುಕುಬಿಟ್ಟು ರದ್ದಿಗೆ ಹೋಗಬೇಕಿದ್ದ ಬಿಳಿ ಹೆಲ್ಮೆಟ್ಟೊಂದನ್ನು ಅವರು ಮನೆಗೆ ತಂದು, ಬಿರುಕು ಗೋಡೆಯ ಕಡೆಗೆ ಬರುವಂತೆ, ಬಾಗಿಲು ತೆರೆದ ಕೂಡಲೇ ಕಾಣುವಂತೆ ಮೊಳೆಗೆ ನೇತುಹಾಕಿದರು.

ಅವರ ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವಾಕೆ. ದಿನಕ್ಕೆ ನಲವತ್ತು ತೆರೆದ ಬಾಯಿ ನೋಡುವವಳಾದ್ದರಿಂದ, ಬಾಯಿ ದೊಡ್ಡದಿದ್ದ ಮಾತ್ರಕ್ಕೆ ಒಳಗೆ ಹಲ್ಲಿರುತ್ತದೆ ಎಂದು ನಂಬುವವಳಲ್ಲ.

"ಒಂದಲ್ಲ ಒಂದು ದಿನ ಯಾರಾದ್ರೂ ನಿಜವಾಗ್ಲೂ ಏನಾದ್ರೂ ಕೇಳ್ತಾರೆ ರೀ," ಎಂದಿದ್ದಳು.

"ಕೇಳಿದಾಗ ನೋಡ್ಕೊಳ್ಳೋಣ ಬಿಡೇ," ಎಂದಿದ್ದರು.

ಕೇಳುವ ದಿನ ಬಂತು. ಮೂರು ತಿಂಗಳಿಂದ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುತ್ತಿತ್ತು. ಒಂದು ಮಧ್ಯಾಹ್ನ ಹೋದಾಗ ಎರಡನೇ ಮಹಡಿಯ ನಿವೃತ್ತ ಹೆಡ್ ಮೇಡಂ ಲಿಫ್ಟಿನೊಳಗಿದ್ದರು. ನಲವತ್ತು ನಿಮಿಷ ಅಲ್ಲೇ ಇದ್ದರು. ಹೊರಗೆ ಬಂದವರೇ, ನೀರನ್ನೂ ಕುಡಿಯದೆ, ಸಂಜೆ ಐದಕ್ಕೆ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ ಎಂದು ಘೋಷಿಸಿದರು. ಹದಿನಾರು ಮನೆಯವರೂ ಬಂದರು. ಹೆಡ್ ಮೇಡಂ ಕರೆದ ಸಭೆಗೆ ಬರದಿದ್ದರೆ ಮರುದಿನ ಕಾರಣ ಬರೆದುಕೊಡಬೇಕಾಗುತ್ತದೆ ಎಂಬ ಭಯ, ಅವರ ಬಳಿ ಓದದವರಿಗೂ ಇತ್ತು.

"ತಾರಸಿ ಮೇಲೆ ಸೋಲಾರ್ ಹಾಕಿಸೋಣ," ಎಂದರು ಹೆಡ್ ಮೇಡಂ.

"ಡೀಸೆಲ್ ಜನರೇಟರ್ ತರೋಣ," ಎಂದರು ಡಿಪೋ ಮ್ಯಾನೇಜರು. ಮೂವತ್ತು ವರ್ಷ ಡೀಸೆಲ್ ವಾಸನೆಯಲ್ಲೇ ಬಾಳಿದ ಅವರಿಗೆ ಶುದ್ಧ ಗಾಳಿಯಲ್ಲಿ ಏನೋ ಕೊರತೆ ಎನ್ನಿಸುತ್ತಿತ್ತು. "ಬೂದಿನೋ ಹೊಗೆನೋ, ಭೂಮಿಯಿಂದ ಅಗೆದು ತೆಗೆದದ್ದಕ್ಕೆ ಒಂದು ತಾಕತ್ತು ಇರುತ್ತೆ ಮೇಡಂ. ಬಿಸಿಲು ಅಂದ್ರೆ ಬಟ್ಟೆ ಒಣಗಿಸೋಕೆ."

ಎಂಟು ಮನೆ ಆ ಕಡೆ, ಏಳು ಮನೆ ಈ ಕಡೆ ಆಯಿತು. ಉಳಿದ ಒಂದು ಮನೆಯ ಕಡೆಗೆ ಎಲ್ಲರೂ ತಿರುಗಿದರು.

"ಇಷ್ಟು ದೊಡ್ಡ ಎಂಜಿನಿಯರನ್ನ ಪಕ್ಕದಲ್ಲಿ ಇಟ್ಕೊಂಡು ನಾವ್ಯಾಕೆ ಕಚ್ಚಾಡೋದು," ಎಂದರು ಡಿಪೋ ಮ್ಯಾನೇಜರು. "ಹೇಳಿ ಸಾಹೇಬ್ರೇ. ಕಲ್ಲಿದ್ದಲು, ಡೀಸೆಲ್ಲು ಒಂದು ಕಡೆ. ಸೂರ್ಯ ಒಂದು ಕಡೆ. ಕರೆಂಟಿಗೆ ಯಾವುದು ವಾಸಿ?"

ಪವರ್ ಸಾಹೇಬರು ಗದ್ದ ತುರಿಸಿಕೊಂಡರು. ಮೇಲೆ ನೋಡಿದರು. "ಲೋಡ್ ನೋಡ್ಬೇಕು," ಎಂದರು.

ಸಭೆಗೆ ಸಮಾಧಾನವಾಯಿತು. ಅರ್ಥವಾಗದ ಮಾತು ಕೇಳಿದರೆ ಬಲ್ಲವರ ಬಳಿ ಬಂದಿದ್ದೇವೆ ಎಂಬ ಭರವಸೆ ಹುಟ್ಟುತ್ತದೆ. ಒಂದು ವಾರದಲ್ಲಿ ಎರಡನ್ನೂ ಹೋಲಿಸಿ ಅವರೊಂದು ವರದಿ ಕೊಡುವುದು, ಅದರಂತೆ ನಡೆಯುವುದು ಎಂದು ತೀರ್ಮಾನವಾಯಿತು.

ಮರುದಿನ ಉಗ್ರಾಣದ ಕಿಟಕಿಗೆ ಶಿಫ್ಟ್ ಎಂಜಿನಿಯರ್ ಮೇಡಂ ಕೈಗವಸಿಗೆ ಬಂದರು. ಇವರು ನಿಜವಾದ ಎಂಜಿನಿಯರು. ಇವರ ಬಿಳಿ ಹೆಲ್ಮೆಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು. ನೇರವಾಗಿ ಕೇಳಲು ಪವರ್ ಸಾಹೇಬರಿಗೆ ನಾಚಿಕೆ.

"ಮೇಡಂ, ನನ್ನ ನಾದಿನಿ ಮಗಳಿಗೆ ಸ್ಕೂಲಲ್ಲಿ ಹೋಮ್‌ವರ್ಕ್ ಕೊಟ್ಟಿದಾರೆ. ಕಲ್ಲಿದ್ದಲು, ಸೋಲಾರು, ಎರಡನ್ನೂ ಹೋಲಿಸಿ ಬರೀಬೇಕಂತೆ."

"ಯಾವ ಕ್ಲಾಸು?"

"ಆರನೇ ಕ್ಲಾಸು."

ಮೇಡಂಗೆ ಖುಷಿಯಾಯಿತು. ಆ ಸ್ಥಾವರದಲ್ಲಿ ಅವರನ್ನು ಯಾರೂ ಏನನ್ನೂ ಅರ್ಥ ಮಾಡಿಕೊಳ್ಳುವುದಕ್ಕೆಂದು ಕೇಳಿರಲಿಲ್ಲ. ಕಿಟಕಿಗೆ ಮೊಳಕೈ ಊರಿ ಶುರುಮಾಡಿದರು. ಪವರ್ ಸಾಹೇಬರು ಬರೆದುಕೊಂಡರು. ಅವರಿಗೊಂದು ಅಭ್ಯಾಸವಿತ್ತು. ಹಿಂದೊಮ್ಮೆ ಒಬ್ಬನಿಗೆ ಎರಡೂ ಎಡಗೈ ಗವಸು ಕೊಟ್ಟರೆಂದು ಗಲಾಟೆಯಾದಾಗಿನಿಂದ, ಕಿಟಕಿಯಲ್ಲಿ ಯಾರು ಏನು ಹೇಳಿದರೂ ಒಂದಕ್ಷರ ಬಿಡದೆ ಬರೆದಿಡುತ್ತಿದ್ದರು. ಮುಖ್ಯವಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ಆರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಆರಿಸುವವನ ಮೇಲೆ ತಪ್ಪು ಬರುತ್ತದೆ. ಬರೆಯುವವನ ಮೇಲೆ ಬರುವುದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ವರದಿವಾಚನ. ಮೂರನೇ ಮಹಡಿಯ ಪತ್ರಿಕಾ ವರದಿಗಾರರು, "ಹೆಲ್ಮೆಟ್ ಹಾಕ್ಕೊಳ್ಳಿ ಸಾಹೇಬ್ರೇ, ಒಂದು ಫೋಟೊ," ಎಂದರು. ಕಟ್ಟಡದ ವಾಟ್ಸಾಪ್ ಗುಂಪಿಗಿರಬೇಕೆಂದು ಇವರು ಎದೆಯುಬ್ಬಿಸಿ ನಿಂತರು. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದರು.

"ಪುಟ್ಟಿ, ಒಂದು ಪಾತ್ರೆಯಲ್ಲಿ ನೀರು ಕಾಯಿಸಿದರೆ ಆವಿ ಬರುತ್ತದೆ, ಅಲ್ಲವೇ? ಆವಿ ಎಲ್ಲಿಗೆ ಹೋಗುತ್ತದೆ ಹೇಳು?"

ಸಭೆ ಒಬ್ಬರ ಮುಖ ಒಬ್ಬರು ನೋಡಿತು. "ಮೇಲಕ್ಕೆ," ಎಂದರು ಡಿಪೋ ಮ್ಯಾನೇಜರು, ಮೆಲ್ಲಗೆ.

"ಜಾಣೆ. ಆ ಆವಿ ಒಂದು ಚಕ್ರ ತಿರುಗಿಸುತ್ತದೆ, ಚಕ್ರ ತಿರುಗಿದರೆ ಕರೆಂಟು. ನೀರು ಕಾಯಿಸಲು ಕಲ್ಲಿದ್ದಲು ಸುಡುತ್ತೇವೆ. ಆದರೆ ನೂರು ಪಾಲು ಶಾಖದಲ್ಲಿ ಮೂವತ್ತೈದು ಪಾಲು ಮಾತ್ರ ಕರೆಂಟಾಗುತ್ತದೆ. ಮಿಕ್ಕಿದ್ದು ಹೊಗೆ, ಬಿಸಿನೀರು. ಬಿಸಿಲಿನ ಫಲಕದಲ್ಲಿ ನೂರಕ್ಕೆ ಇಪ್ಪತ್ತು."

"ಮೂವತ್ತೈದು ಅಂದ್ರೆ ಪಾಸು," ಎಂದರು ಡಿಪೋ ಮ್ಯಾನೇಜರು. "ಇಪ್ಪತ್ತು ಫೇಲು. ಮೇಡಂ, ನಿಮ್ಮ ಸೂರ್ಯ ಫೇಲಾದ."

"ಕೂತ್ಕೊಳ್ಳಿ," ಎಂದರು ಹೆಡ್ ಮೇಡಂ. "ನೀವು ಪೋಲು ಮಾಡೋ ಕಲ್ಲಿದ್ದಲನ್ನ ಯಾರೋ ಗಣಿಗಿಳಿದು ಅಗೀಬೇಕು, ರೈಲಲ್ಲಿ ತರಬೇಕು. ಪೋಲಾದ ಬಿಸಿಲಿಗೆ ಯಾರಪ್ಪನ ಗಂಟು ಹೋಗುತ್ತೆ? ಮುಂದೆ ಓದಿ."

"ಕಲ್ಲಿದ್ದಲು ಹಗಲು ರಾತ್ರಿ ಉರಿಯುತ್ತದೆ. ಸೂರ್ಯ ಆಫೀಸಿನವರ ಹಾಗೆ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾನೆ, ಮೋಡವಾದರೆ ರಜೆ. ಅದಕ್ಕೆ ಬ್ಯಾಟರಿ ಬೇಕು. ನನ್ನ ಗ್ಲೌಸಿನ ಸೈಜು ಎಂಟು. ಸೂರ್ಯನಿಗೆ ಬೂದಿ ಇಲ್ಲ. ಕಲ್ಲಿದ್ದಲಿಗೆ ಬೂದಿ ಬಹಳ. ಚಿಮಣಿಯಲ್ಲಿ ಬೂದಿ ಹಿಡಿಯುವ ಯಂತ್ರ ಇರಬೇಕು. ನಮ್ಮದು ಮೂರು ತಿಂಗಳಿಂದ ನಿಂತಿದೆ, ಅದನ್ನು ಪುಟ್ಟಿಗೆ ಹೇಳಬೇಡಿ. ಆ ಯಂತ್ರ ಕರೆಂಟು ತಿನ್ನುತ್ತದೆ ಅಂತ ಮೇಲಿನವರೇ ನಿಲ್ಲಿಸಿದ್ದಾರೆ. ಎರಡನೇ ಬಾಯ್ಲರೂ ಕೆಟ್ಟು ಮಲಗಿದೆ, ಅದಕ್ಕೇ ಊರಿಗೆ ಕರೆಂಟಿಲ್ಲ. ಒಂದು ಮಾಸ್ಕೂ ಕೊಡಿ."

ಓದಿ ಮುಗಿಸಿ ಪವರ್ ಸಾಹೇಬರು ತಲೆಯೆತ್ತಿದರು. ವರದಿಗಾರರ ಪೆನ್ನು ಇನ್ನೂ ಓಡುತ್ತಿತ್ತು.

"ಎಂಥ ಧೈರ್ಯ," ಎಂದರು ಹೆಡ್ ಮೇಡಂ. "ಇಷ್ಟು ಸರಳವಾಗಿ ಹೇಳಿ, ಕೊನೇಲಿ ಸ್ವಂತ ಕೆಲಸಕ್ಕೇ ಕೊಡಲಿ ಹಾಕ್ಕೊಂಡ್ರಲ್ಲ."

ಪವರ್ ಸಾಹೇಬರು ಆಗ ಹಾಳೆಯನ್ನು ಮತ್ತೊಮ್ಮೆ ಓದತೊಡಗಿದರು, ಈ ಸಲ ಮನಸ್ಸಿನಲ್ಲಿ.

ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಬಿಳಿ ಹೆಲ್ಮೆಟ್ಟಿನ ಚಿತ್ರ. "ಬೂದಿ ಯಂತ್ರ ಸ್ತಬ್ಧ: ಸ್ಥಾವರದ ಹಿರಿಯ ಎಂಜಿನಿಯರ್ ಗುಡುಗು." ಗುಡುಗಿದವರು ಆ ಹೊತ್ತಿಗೆ ಉಗ್ರಾಣದಲ್ಲಿ ಬೂಟಿನ ಪೆಟ್ಟಿಗೆಗಳ ಹಿಂದೆ ನೆಲದ ಮೇಲೆ ಕೂತಿದ್ದರು.

ಸ್ಥಾವರದ ಮುಖ್ಯಾಧಿಕಾರಿ ಐದು ಜನ ಎಂಜಿನಿಯರುಗಳನ್ನು ಸಾಲಾಗಿ ನಿಲ್ಲಿಸಿ ಪತ್ರಿಕೆ ಮೇಜಿಗೆ ಬಡಿದರು. "ಯಾರು ಈ ಹಿರಿಯ ಎಂಜಿನಿಯರ್? ಯಾವ ವಿಭಾಗ?"

ಐವರೂ ಚಿತ್ರ ನೋಡಿದರು. ಒಬ್ಬರು ಹೇಳಿದರು, "ಸಾರ್, ಇವರು ಗ್ಲೌಸು."

"ಗ್ಲೌಸು ಅಂದ್ರೆ?"

"ಗ್ಲೌಸು ಕೊಡೋರು ಸಾರ್. ಸ್ಟೋರಲ್ಲಿ."

ಮುಖ್ಯಾಧಿಕಾರಿಗೆ ಮೊದಲು ನಗು ಬಂತು. ಇಷ್ಟೇನಾ. ಅಂಥ ಎಂಜಿನಿಯರೇ ಇಲ್ಲ ಎಂದು ಒಂದು ಹೇಳಿಕೆ ಕೊಟ್ಟರೆ ಮುಗಿಯಿತು. ಹೇಳಿಕೆ ಅರ್ಧ ಬರೆಯುವಷ್ಟರಲ್ಲಿ ನಗು ನಿಂತಿತು. ಪೆನ್ನು ಕೆಳಗಿಟ್ಟು ಯೋಚಿಸಿದರು. ಅವನು ಎಂಜಿನಿಯರು ಎಂದರೆ ಸುದ್ದಿ ನಿಜವಾಗುತ್ತದೆ. ಗ್ಲೌಸಿನವನು ಎಂದರೆ, ಗ್ಲೌಸಿನವನಿಗೂ ಗೊತ್ತಿದ್ದದ್ದು ಮುಖ್ಯಾಧಿಕಾರಿಗೆ ಗೊತ್ತಿರಲಿಲ್ಲವೇ ಎಂದು ಮೇಲಿನವರು ಕೇಳುತ್ತಾರೆ. ಅತ್ತ ದರಿ, ಇತ್ತ ಪುಲಿ. ಇವೆರಡರ ನಡುವೆ ಫೋನು ಬಡಿದುಕೊಂಡಿತು: ವಿದ್ಯುತ್ ಮಂಡಳಿಯ ಇಬ್ಬರು ತನಿಖಾಧಿಕಾರಿಗಳು ಬುಧವಾರ ಬರುತ್ತಾರೆ. ಸ್ಥಾವರಕ್ಕಲ್ಲ, ಒತ್ತಡವಿಲ್ಲದೆ ಮಾತಾಡಲಿ ಎಂದು ನೇರ ಆ ಎಂಜಿನಿಯರ ಮನೆಗೆ.

ಗ್ಲೌಸಿನವರನ್ನು ಕರೆಸಲಾಯಿತು.

"ನಿಮಗೆ ಇದನ್ನೆಲ್ಲ ಹೇಳಿದ್ದು ಯಾರು?" ಎಂದರು ಮುಖ್ಯಾಧಿಕಾರಿ.

ಸಾಲಿನ ಕೊನೆಯಲ್ಲಿ ಶಿಫ್ಟ್ ಎಂಜಿನಿಯರ್ ಮೇಡಂ ನಿಂತಿದ್ದರು. ಅವರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಪವರ್ ಸಾಹೇಬರು ಅತ್ತ ನೋಡಲಿಲ್ಲ.

"ನಾದಿನಿ ಮಗಳು ಸಾರ್."

"ಅವಳೇನು ಮಾಡ್ಕೊಂಡಿದಾಳೆ?"

"ಆರನೇ ಕ್ಲಾಸು ಸಾರ್."

ಇವನು ಶತಮೂರ್ಖನೋ, ಮಹಾ ಘಾಟಿಯೋ ಮುಖ್ಯಾಧಿಕಾರಿಗೆ ತಿಳಿಯಲಿಲ್ಲ. ಪವರ್ ಸಾಹೇಬರ ಬಗ್ಗೆ ಈ ಅನುಮಾನ ಯಾರಿಗೂ ಪೂರ್ತಿ ಬಗೆಹರಿದದ್ದಿಲ್ಲ. ಕೊನೆಗೆ ಒಂದು ಹಾಳೆ ಮುಂದೆ ತಳ್ಳಿದರು. ಅದರಲ್ಲಿ ಹೀಗಿತ್ತು: "ನಾನು ಸ್ಥಾವರದ ಹಿರಿಯ ಎಂಜಿನಿಯರ್. ವಯಸ್ಸಿನ ಕಾರಣ ಮರೆವು ಬಂದಿದೆ. ಯಂತ್ರ ಚೆನ್ನಾಗಿ ನಡೆಯುತ್ತಿದೆ. ತಪ್ಪು ನನ್ನದು."

"ಬುಧವಾರ ಇದನ್ನ ಬಾಯಿಪಾಠ ಒಪ್ಪಿಸಿ. ಇಲ್ಲಾಂದ್ರೆ ಗುರುವಾರದಿಂದ ಕಲ್ಲಿದ್ದಲು ರಾಶಿ ಹತ್ರ ಕೆಲಸ."

ಏಳು ವರ್ಷ ಬಚ್ಚಿಟ್ಟು ಸಾಕಿದ ಸುಳ್ಳಿಗೆ ಈಗ ಕಚೇರಿಯ ಮೊಹರು ಬಿದ್ದಿತ್ತು. ಜನ್ಮದಲ್ಲಿ ಮೊದಲ ಸಲ ಪವರ್ ಸಾಹೇಬರಿಗೆ ಎಂಜಿನಿಯರಾಗಲು ಇಷ್ಟವಿರಲಿಲ್ಲ.

ಬುಧವಾರ ತಾರಸಿ ಕಿಕ್ಕಿರಿದಿತ್ತು. ಹದಿನಾರು ಮನೆಯ ಕುರ್ಚಿಗಳೂ ಬಂದಿದ್ದವು. ತನಿಖಾಧಿಕಾರಿಗಳಲ್ಲಿ ಒಬ್ಬರು ದಪ್ಪ, ಅವರ ಕಡತ ತೆಳು. ಇನ್ನೊಬ್ಬರು ತೆಳು, ಅವರ ಕಡತ ದಪ್ಪ. ಮುಖ್ಯಾಧಿಕಾರಿಯೂ ಕರೆಯದೇ ಬಂದು ನೀರಿನ ತೊಟ್ಟಿಯ ನೆರಳಲ್ಲಿ ಕೂತಿದ್ದರು. ಪವರ್ ಸಾಹೇಬರು ಬಿಳಿ ಹೆಲ್ಮೆಟ್ಟು ತೊಟ್ಟು ಬಾಯಿಪಾಠ ಒಪ್ಪಿಸಲು ಎದ್ದರು. "ನಾನು ಸ್ಥಾವರದ ಹಿರಿಯ ಎಂಜಿನಿಯರ್" ಎನ್ನುವವರೆಗೆ ಸರಾಗವಾಗಿ ಬಂತು. ಅಭ್ಯಾಸಬಲ.

ತೆಳು ಅಧಿಕಾರಿ ತಡೆದರು. "ಒಂದು ನಿಮಿಷ. ಈ ಬೂದಿ ಹಿಡಿಯೋ ಯಂತ್ರದ ಒಳಗೆ ಏನೇನಿರುತ್ತೆ, ಸ್ವಲ್ಪ ಹೇಳಿ."

"ಬೂದಿ ಸಾರ್."

"ಅದು ಬಿಟ್ಟು?"

ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪವರ್ ಸಾಹೇಬರು ಬಾಯಿ ತೆರೆದರು, ಮುಚ್ಚಲು ಮರೆತರು. ಮುಖ್ಯಾಧಿಕಾರಿಯ ಕಡೆ ನೋಡಿದರು; ಅವರು ತೊಟ್ಟಿಯ ನಲ್ಲಿ ಪರೀಕ್ಷಿಸುತ್ತಿದ್ದರು. ಹೆಂಡತಿಯ ಕಡೆ ನೋಡಿದರು.

"ಬಾಯಿ ಹೇಗೂ ತೆರೆದಾಗಿದೆಯಲ್ಲ," ಎಂದಳು ಆಕೆ. "ಇನ್ನು ಹಲ್ಲು ಕೀಳಿಸ್ಕೊಂಡ್‌ಬಿಡಿ."

"ಸಾರ್, ನಾನು ಎಂಜಿನಿಯರಲ್ಲ," ಎಂದರು ಪವರ್ ಸಾಹೇಬರು. "ಸ್ಟೋರಲ್ಲಿ ಗ್ಲೌಸು ಕೊಡೋನು. ಈ ಹೆಲ್ಮೆಟ್ಟು ರದ್ದಿದು. ನೋಡಿ, ಹಿಂದೆ ಬಿರುಕಿದೆ."

ತಾರಸಿಯ ಮೇಲೆ ಎದ್ದ ಗುಸುಗುಸು ಜೇನುಗೂಡಿಗೆ ಕಲ್ಲು ಬಿದ್ದಂತಿತ್ತು. "ಏಳು ವರ್ಷ," ಎಂದರು ಡಿಪೋ ಮ್ಯಾನೇಜರು, ಕಂಗೆಟ್ಟು. "ಏಳು ವರ್ಷದಿಂದ ನೆರಳಿರೋ ಜಾಗ ಇವರ ಸ್ಕೂಟರಿಗೆ ಬಿಟ್ಕೊಟ್ಟು ನನ್ನ ಕಾರು ಬಿಸಿಲಲ್ಲಿ ನಿಲ್ಲಿಸ್ತಿದೀನಿ. ಗ್ಲೌಸಿಗೆ."

"ಕೇಳಿದ್ರಲ್ಲ ಸಾರ್," ಎಂದು ಮುಖ್ಯಾಧಿಕಾರಿ ತೊಟ್ಟಿಯ ಹಿಂದಿನಿಂದ ಹೊರಬಂದರು. ಇತ್ತಣ ಪುಲಿಯನ್ನು ಅವರು ಆ ಉತ್ಸಾಹದಲ್ಲಿ ಮರೆತರು. "ಗ್ಲೌಸು ಕೊಡೋನಿಗೆ ಬೂದಿ ವಿಷಯ ಏನು ಗೊತ್ತು?"

ಈ ಮಾತು ಪವರ್ ಸಾಹೇಬರಿಗೆ ನಾಟಿತು. ಎಂಜಿನಿಯರಲ್ಲ ಎಂದರೆ ಅವರು ಸಹಿಸಿಯಾರು. ಉಗ್ರಾಣಕ್ಕೆ ಏನೂ ಗೊತ್ತಿಲ್ಲ ಎಂದರೆ ಹೇಗೆ?

"ಮಾಸ್ಕೂ ನಾನೇ ಕೊಡೋದು ಸಾರ್," ಎಂದರು. "ಮೊದಲೆಲ್ಲ ಒಬ್ಬ ಮನುಷ್ಯನಿಗೆ ಒಂದು ಮಾಸ್ಕು ವಾರ ಪೂರ್ತಿ ಬರ್ತಿತ್ತು. ಮೂರು ತಿಂಗಳಿಂದ ಬೆಳಿಗ್ಗೆ ಕೊಟ್ಟಿದ್ದು ಊಟದ ಹೊತ್ತಿಗೆ ಬಾಣಲೆ ತಳದ ಹಾಗಾಗಿ ವಾಪಸ್ ಬರುತ್ತೆ. ಇನ್ನೊಂದು ಕೊಡಿ ಅಂತಾರೆ, ಮಾತು ಪೂರ್ತಿ ಆಗೋ ಮೊದಲು ಕೆಮ್ಮು ಬರುತ್ತೆ. ಎಂಟು ಜನ ಅಂತೂ ಕೆಮ್ಮಿ ಕೆಮ್ಮಿ ರಜೆ ಮೇಲಿದಾರೆ. ಅವರ ಬೂಟು ನನ್ನ ಹತ್ರಾನೇ ಇದೆ. ಯಂತ್ರದ ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಮಾಸ್ಕಿನ ಒಳಗೆ ಏನಿದೆ ಅಂತ ಗೊತ್ತು."

ತೆಳು ಅಧಿಕಾರಿ ದಪ್ಪ ಕಡತದಲ್ಲಿ ಬರೆದುಕೊಂಡರು. ಹೆಡ್ ಮೇಡಂ ಪವರ್ ಸಾಹೇಬರ ಕಡೆ ಕನ್ನಡಕದ ಮೇಲಿಂದ ನೋಡಿ, "ಇದನ್ನೇ ಮೊದಲ ದಿನ ಹೇಳಿದ್ರೆ ಆಗ್ತಿರಲಿಲ್ವೇನ್ರೀ," ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಇನ್ನೇನು ಯಂತ್ರ ಸರಿಯಾಯಿತು ಎಂದು ಯಾರಾದರೂ ಭಾವಿಸಿದರೆ ಅವರಿಗೆ ಕಚೇರಿಗಳ ಪರಿಚಯವಿಲ್ಲ ಎಂದರ್ಥ. ತನಿಖೆಯ ಫಲವಾಗಿ ಆದೇಶ ಬಂತು. ಬೂದಿ ಯಂತ್ರ ಸರಿಮಾಡುವುದಕ್ಕೆ ಒಂದು ಸಮಿತಿ ಬೇಕು, ಸಮಿತಿಗೆ ಒಂದು ಉಪಸಮಿತಿ ಬೇಕು, ಅದು ತಡವಾಗುತ್ತದೆ. ಆದ್ದರಿಂದ ಸದ್ಯಕ್ಕೆ ಸ್ಥಾವರವು ಸೌರಶಕ್ತಿಯತ್ತ ದಾಪುಗಾಲು ಹಾಕತಕ್ಕದ್ದು. ಸೌರ ವಿಭಾಗದ ಹೊಣೆ ಮುಖ್ಯಾಧಿಕಾರಿಗೇ. ಇದು ಶಿಕ್ಷೆಯೋ ಬಡ್ತಿಯೋ ಅವರಿಗೂ ಗೊತ್ತಾಗಲಿಲ್ಲ, ಹಾರ ಹಾಕಿಸಿಕೊಂಡರು. ಪವರ್ ಸಾಹೇಬರಿಗೆ, ರದ್ದಿ ಹೆಲ್ಮೆಟ್ಟನ್ನು ಮನೆಗೆ ಒಯ್ದದ್ದೇಕೆ ಎಂದು ಒಂದು ನೋಟೀಸು ಬಂತು. ಕಲ್ಲಿದ್ದಲು ರಾಶಿಗೆ ಮಾತ್ರ ಕಳಿಸಲಿಲ್ಲ; ಪತ್ರಿಕೆಯಲ್ಲಿ ಹೆಸರಾದವನನ್ನು ಮುಟ್ಟಲು ಒಂದಷ್ಟು ದಿನ ಎಲ್ಲರಿಗೂ ಅಂಜಿಕೆ.

ಕಟ್ಟಡದವರು ಹದಿನೈದು ದಿನ ಅವರೊಡನೆ ಮಾತು ಬಿಟ್ಟರು. ಆದರೆ ವರದಿಯನ್ನು ಬಿಡಲಿಲ್ಲ. ಹೆಡ್ ಮೇಡಂ ಅದನ್ನು ತಿದ್ದಿ, "ಪುಟ್ಟಿ" ಎಂದಿದ್ದಲ್ಲೆಲ್ಲ "ನಿವಾಸಿಗಳೇ" ಎಂದು ಮಾಡಿ, ಕೈಗವಸಿನ ಸೈಜು ಹೊಡೆದುಹಾಕಿ, ಮತಕ್ಕೆ ಹಾಕಿದರು. ತಾರಸಿಗೆ ಫಲಕಗಳು ಬಂದವು, ಲಿಫ್ಟಿಗೆ ಬ್ಯಾಟರಿ ಬಂತು. ಡಿಪೋ ಮ್ಯಾನೇಜರು ಮೂರು ದಿನ ಮುನಿಸಿಕೊಂಡರು. ನಾಲ್ಕನೆಯ ದಿನ, ಫಲಕಗಳನ್ನು ಆಗಾಗ ತೊಳೆಯಬೇಕೆಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಮೂವತ್ತು ವರ್ಷ ಬಸ್ಸು ತೊಳೆಸಿದ ಜೀವ. ಅಂದಿನಿಂದ ಬೆಳಿಗ್ಗೆ ಆರಕ್ಕೆ ಪೈಪು ಹಿಡಿದು ತಾರಸಿಯಲ್ಲಿರುತ್ತಾರೆ. ಪವರ್ ಸಾಹೇಬರು ಉಗ್ರಾಣದಿಂದ ಅವರಿಗೊಂದು ಜೊತೆ ರಬ್ಬರು ಕೈಗವಸು ಕೇಳಿ, ಅನುಮತಿ ಬರೆಸಿಕೊಂಡೇ ತಂದುಕೊಟ್ಟರು. ಮಾತು ಶುರುವಾಯಿತು.

ಸ್ಥಾವರದಲ್ಲೂ ಫಲಕಗಳು ಬಂದವು. ಅಲ್ಲಿ ಜಾಗ ಬಹಳ. ಆದರೆ ಎಲ್ಲ ಕಡೆ ಬೂದಿಯ ಗುಡ್ಡೆ. ಖಾಲಿ ಉಳಿದದ್ದು ಚಿಮಣಿಯ ಬುಡದ ಮೈದಾನ ಒಂದೇ. ಮುಖ್ಯಾಧಿಕಾರಿ ಅಲ್ಲೇ ಸಾಲಾಗಿ ಹಾಸಿಸಿದರು. ತಿಂಗಳ ನಂತರ ಮಂಡಳಿಯ ಅಧ್ಯಕ್ಷರು ಉದ್ಘಾಟನೆಗೆ ಬಂದರು. ಛಾಯಾಗ್ರಾಹಕರು ಬಂದರು. ಅಧ್ಯಕ್ಷರು ಗುಂಡಿ ಒತ್ತುವ ಮೊದಲು ತೊಡಲೆಂದು ತಟ್ಟೆಯಲ್ಲಿ ಬಿಳಿ ಹತ್ತಿಯ ಕೈಗವಸು ಹಿಡಿದು ನಿಂತಿದ್ದವರು ಪವರ್ ಸಾಹೇಬರು. ಅದು ಅವರ ಕೆಲಸ.

ಗುಂಡಿ ಒತ್ತಿದರು. ಬಿಸಿಲು ಸುಡುತ್ತಿತ್ತು. ಮೀಟರಿನ ಮುಳ್ಳು ಒಂದಿಷ್ಟು ಅಲುಗಿ, ಮನಸ್ಸಿಲ್ಲದವರ ಹಾಗೆ ಮಲಗಿತು.

"ಇಷ್ಟೇನಾ?" ಎಂದರು ಅಧ್ಯಕ್ಷರು.

"ನಾನು ಮೊದಲೇ ಹೇಳ್ತಿದ್ದೆ ಸಾರ್," ಎಂದರು ಮುಖ್ಯಾಧಿಕಾರಿ, ಒಳಗೊಳಗೇ ಹಿಗ್ಗಿ. "ಏನೇ ಆದ್ರೂ ಕಲ್ಲಿದ್ದಲೇ ಮೇಲು."

ಅಧ್ಯಕ್ಷರು ತಟ್ಟೆ ಹಿಡಿದವರ ಮುಖ ನೋಡಿದರು. ಎಲ್ಲೋ ನೋಡಿದ ನೆನಪು. "ಪೇಪರಲ್ಲಿ ಬಂದಿದ್ದ ಎಂಜಿನಿಯರ್ ನೀವೇ ಅಲ್ವಾ? ನೀವು ಹೇಳಿ. ಎರಡರಲ್ಲಿ ಯಾವುದು ಮೇಲು?"

"ನಾನು ಎಂಜಿನಿಯರಲ್ಲ ಸಾರ್, ಗ್ಲೌಸು," ಎಂದರು ಪವರ್ ಸಾಹೇಬರು. ಈ ಸಲ ಅದು ಸರಾಗವಾಗಿ ಬಂತು. "ಆದ್ರೆ ಸಾಹೇಬ್ರು ಹೇಳಿದ್ದು ನಿಜ. ಸದ್ಯಕ್ಕೆ ಕಲ್ಲಿದ್ದಲೇ ಮೇಲಿದೆ. ಬೆರಳಲ್ಲಿ ಒರೆಸಿ ನೋಡಿ. ಸೂರ್ಯ ಅದರ ಕೆಳಗೆ ಸಿಕ್ಕಾಕ್ಕೊಂಡಿದಾನೆ."

ಅಧ್ಯಕ್ಷರು ಬಾಗಿ ಫಲಕದ ಮೇಲೆ ಬೆರಳೆಳೆದರು. ಬೂದಿಯಲ್ಲಿ ಉದ್ದಕ್ಕೆ ಒಂದು ಗೆರೆ ಮೂಡಿತು, ಗೆರೆಯಷ್ಟಗಲ ಫಲಕ ನೀಲಿಯಾಗಿ ಹೊಳೆಯಿತು. ಬಿಳಿ ಕೈಗವಸು ಬಾಣಲೆ ತಳವಾಯಿತು. ಆ ಬೆರಳು ಎತ್ತಿ ಹಿಡಿದು ನೋಡುತ್ತಿದ್ದಾಗಲೇ ಎಲ್ಲ ಛಾಯಾಗ್ರಾಹಕರೂ ಒಟ್ಟಿಗೆ ಚಿತ್ರ ತೆಗೆದರು.

ಮೂರು ದಿನದಲ್ಲಿ ಬೂದಿ ಯಂತ್ರ ಶುರುವಾಯಿತು. ಸಮಿತಿ ಬೇಕಾಗಲಿಲ್ಲ, ಉಪಸಮಿತಿಯ ನೆನಪೂ ಯಾರಿಗೂ ಆಗಲಿಲ್ಲ. ರಜೆಯ ಮೇಲಿದ್ದ ಎಂಟು ಜನರಲ್ಲಿ ಆರು ಜನ ವಾಪಸ್ಸು ಬಂದು ತಮ್ಮ ಬೂಟು ಕೇಳಿ ಪಡೆದರು. ಶಿಫ್ಟ್ ಎಂಜಿನಿಯರ್ ಮೇಡಂ ಕಿಟಕಿಗೆ ಬಂದು, ನಾದಿನಿ ಮಗಳಿಗೆ ಎಷ್ಟು ಮಾರ್ಕ್ಸ್ ಬಂತು ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ನಗುತ್ತಾ ಹೋದರು. ಮಾಸ್ಕುಗಳು ಮತ್ತೆ ವಾರ ಪೂರ್ತಿ ಬಾಳತೊಡಗಿದವು.

ಇದು ಮೇಲಿನ ಕಚೇರಿಯ ಕಣ್ಣಿಗೆ ಬಿತ್ತು. ಉಗ್ರಾಣದಲ್ಲಿ ಮಾಸ್ಕುಗಳ ಬೇಡಿಕೆ ಏಕಾಏಕಿ ಕುಸಿದಿರುವುದಕ್ಕೆ ಲಿಖಿತ ವಿವರಣೆ ನೀಡತಕ್ಕದ್ದು ಎಂದು ಪವರ್ ಸಾಹೇಬರಿಗೆ ಒಂದು ಪತ್ರ ಬಂತು. ಅವರು ಹಾಳೆ ತೆಗೆದುಕೊಂಡು, ತಿಂಗಳುಗಟ್ಟಲೆ ಮನುಷ್ಯರು ಕೆಮ್ಮಿದಾಗ ಆಗದ ಕೆಲಸ ಮೂರು ದಿನದಲ್ಲಿ ಹೇಗಾಯಿತೆಂದು ಯೋಚಿಸಿ, ಕಾರಣದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದು ಕಳಿಸಿದರು:

"ಸ್ಥಾವರಕ್ಕೆ ಹೊಸದಾಗಿ ಬಂದಿರುವ ಫಲಕಗಳಿಗೆ ಧೂಳು ಆಗಿಬರುವುದಿಲ್ಲ."